ಅಪ್‌ಡೇಟ್: ಸ್ಕ್ಯಾನ್ ಪಿಡಿಎಫ್ ಓದುವ ತಾಪತ್ರಯ ಬಹುಪಾಲು ಮುಗಿಯಿತು

ಹಳೆ ಪುಸ್ತಕದ ಸ್ಕ್ಯಾನ್ ಪಿಡಿಎಫ್‌ನಲ್ಲಿ ಒಂದು ಪದವನ್ನೂ ಹುಡುಕಲು ಆಗುತ್ತಿಲ್ಲ, ಇ-ರೀಡರ್‌ನಲ್ಲಿ ಅಕ್ಷರ ಇರುವೆ ಗಾತ್ರ ಕಾಣುತ್ತದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ.

ಕ್ಯಾಲಿಬರ್ ಅನ್ನುವ ಇ-ಪುಸ್ತಕ ತಂತ್ರಾಂಶದಲ್ಲಿ ಇಪಬ್ (ಪರದೆಗೆ ತಕ್ಕಂತೆ ಅಕ್ಷರ ಹೊಂದಿಕೊಳ್ಳುವ ಇ-ಪುಸ್ತಕ ಫೈಲ್) ಮಾಡಿ ಅಂದವರ ಮಾತು ಮೊದಲು ಕೇಳಿದೆ. ಉಪಯೋಗ ಆಗಲಿಲ್ಲ. ಫೈಲ್‌ನಲ್ಲಿದ್ದದ್ದು ಬರೀ ಚಿತ್ರ, ಅಕ್ಷರವೇ ಇಲ್ಲದ ಮೇಲೆ ಅದು ತಾನೇ ಏನು ಮಾಡುತ್ತದೆ, ಅಲ್ವಾ? ಆಮೇಲೆ ಒಸಿಆರ್‌ಮೈಪಿಡಿಎಫ್ ಹಾಕಿಕೊಂಡೆ, ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಿಡಿಎಫ್‌ನಲ್ಲಿ ಹುಡುಕಲು ಬರುವಂತೆ ಮಾಡುವ ತಂತ್ರಾಂಶ. ಅಕ್ಷರ ಗುರುತಿಸಲು ಅದು ಒಳಗೆ ಟೆಸೆರಾಕ್ಟ್ ಅನ್ನುವ ಇನ್ನೊಂದು ತಂತ್ರಾಂಶ ಬಳಸುತ್ತದೆ, ಆದರೆ ಕನ್ನಡದ ಭಾಷಾ ಫೈಲ್ ಬೇರೆಯಾಗಿ ಹಾಕಬೇಕು, ನಾನು ಅದನ್ನು ಮರೆತು ಇಡೀ ಸಂಜೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ನೋಡುತ್ತಾ ಕೂತಿದ್ದೆ. 150 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ) ಸ್ಕ್ಯಾನ್‌ನಲ್ಲಿ ಒತ್ತಕ್ಷರಗಳೆಲ್ಲ ಕಲಸಿಹೋದವು. ಪುಸ್ತಕ ಕೈಯಲ್ಲೇ ಇತ್ತು, 300ರಲ್ಲಿ ಮತ್ತೆ ಸ್ಕ್ಯಾನ್ ಮಾಡಿದೆ, ವಾಲಿದ ಪುಟ ನೆಟ್ಟಗೆ ಮಾಡುವ ಆಯ್ಕೆಯನ್ನೂ ಕೊಟ್ಟೆ. ಈಗ ಹುಡುಕಾಟ ಚೆನ್ನಾಗಿದೆ. ಸೊನ್ನೆ, ಅನುಸ್ವಾರ ಮಾತ್ರ ಇನ್ನೂ ಅದಲುಬದಲು.

ಅಕ್ಷರದ ಗಾತ್ರಕ್ಕೆ ಕೆ2ಪಿಡಿಎಫ್‌ಆಪ್ಟ್ ಅನ್ನುವ ತಂತ್ರಾಂಶ ಸಾಕಾಯಿತು. ಪುಟದ ಚಿತ್ರವನ್ನೇ ಪದಪದವಾಗಿ ಕತ್ತರಿಸಿ ಸಣ್ಣ ಪರದೆಗೆ ಮತ್ತೆ ಜೋಡಿಸುತ್ತದೆ. ಕೋಷ್ಟಕ ಇರುವ ಪುಟಗಳು ಚೆಲ್ಲಾಪಿಲ್ಲಿ, ಅವನ್ನು ಸುಮ್ನೆ ಫೋನ್ ಅಡ್ಡ ಹಿಡಿದು ಮೂಲ ಫೈಲ್‌ನಲ್ಲೇ ಓದುತ್ತೇನೆ.