ಅಡುಗೆಮನೆ ಆರ್‌ಒ ನೀರಲ್ಲಿ ಉಪ್ಪುನೀರಿನ ಟ್ಯಾಂಕ್ ಶುರು ಮಾಡಿದೆ, ಬಸವನಹುಳು ಸಾಯ್ತಿವೆ

ಕಂದುಧೂಳು:
ಎಲ್ಲರಿಗೂ ನಮಸ್ಕಾರ. ಆರು ವರ್ಷ ಸಿಹಿನೀರಲ್ಲಿ ಗಪ್ಪಿ, ಏಂಜಲ್ ಮೀನು ಸಾಕಿದ ಮೇಲೆ ಧೈರ್ಯ ಮಾಡಿ ಮೊದಲ ಸಲ ಉಪ್ಪುನೀರಿನ ಟ್ಯಾಂಕ್ ಹಾಕಿದ್ದೇನೆ. 120 ಲೀಟರ್. ಇರೋದು ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ. ಕಾವೇರಿ ನೀರು, ಬೋರ್‌ವೆಲ್ ನೀರು ಎರಡೂ ಒಂದೇ ಸಂಪಿಗೆ ಬೀಳುತ್ತವೆ, ಯಾವ ದಿನ ಯಾವುದು ಎಷ್ಟು ಅಂತ ವಾಚ್‌ಮ್ಯಾನ್‌ಗೂ ಗೊತ್ತಿಲ್ಲ. ನಲ್ಲಿ ನೀರಿನ ಟಿಡಿಎಸ್ (ಲೀಟರಲ್ಲಿ ಎಷ್ಟು ಮಿಲಿಗ್ರಾಂ ಕರಗಿದೆ ಅನ್ನೋ ಲೆಕ್ಕ) ಒಂದು ದಿನ 380, ಇನ್ನೊಂದು ದಿನ 710. ಅದಕ್ಕೇ ಅದನ್ನು ಬಿಟ್ಟು ಅಡುಗೆಮನೆ ಆರ್‌ಒ ನೀರು ಹಿಡಿದು, ಸಮುದ್ರದ ಅಕ್ವೇರಿಯಂಗೆ ಅಂತಲೇ ಸಿಗೋ ಉಪ್ಪು ಬೆರೆಸಿ ತುಂಬಿದೆ. ಉಪ್ಪು ಹಾಕೋ ಮುಂಚೆ ಆ ನೀರು ಮೀಟರಲ್ಲಿ 85. ನಾವು ಕುಡಿಯೋ ನೀರು ಅಲ್ವಾ, ಮೀನಿಗೆ ಯಾಕೆ ಆಗಲ್ಲ ಅಂದುಕೊಂಡೆ.

ಐದು ವಾರ ಆಯ್ತು. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಉಪ್ಪು ಲೀಟರಿಗೆ 35 ಗ್ರಾಂ ಇದೆ. ಆದರೆ ಮರಳಿನ ಮೇಲೆಲ್ಲ ಕಂದು ಧೂಳು, ಇವತ್ತು ತೆಗೆದರೆ ನಾಳೆ ಮತ್ತೆ ಹಾಜರ್. ಅದನ್ನು ಮೇಯಲಿ ಅಂತ ನಾಲ್ಕು ಬಸವನಹುಳು ತಂದು ಬಿಟ್ಟೆ. ಎರಡೇ ದಿನಕ್ಕೆ ಮೂರು ಗಾಜಿಂದ ಕಳಚಿ ಮರಳಿಗೆ ಬಿದ್ದವು, ಮತ್ತೆ ಏಳಲೇ ಇಲ್ಲ. ಅಂಗಡಿಯವರು ನೀರು ಹಳೇದಾಗಲಿ ಸಾರ್ ಅಂತಾರೆ. ಎಲ್ಲ ಖಾಲಿ ಮಾಡಬೇಕಾ? ಮೀನು ಇನ್ನೂ ಬಿಟ್ಟಿಲ್ಲ.

ಗಾಜುಪೆಟ್ಟಿಗೆ:
ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. 85 ಏನೂ ಜಾಸ್ತಿ ಅಲ್ಲ. ಕಂದು ಧೂಳು ಎಲ್ಲರ ಹೊಸ ಟ್ಯಾಂಕಲ್ಲೂ ಬರುತ್ತದೆ, ತಾನಾಗೇ ಹೋಗುತ್ತದೆ. ನಾನು ಕ್ಯಾನ್ ನೀರಲ್ಲೇ ಎರಡು ಕ್ಲೌನ್ ಫಿಶ್ ಸಾಕಿದ್ದೇನೆ, ಆರಾಮಾಗಿವೆ.

ಹಳೇಟ್ಯಾಂಕ್:
ಮೇಲಿನವರು ಹೇಳಿದ್ದು ಅರ್ಧ ನಿಜ. 85 ಅನ್ನೋ ಅಂಕಿಗೆ ಹೆದರಬೇಕಿಲ್ಲ. ದಿನಕ್ಕೆ 2 ಲೀಟರ್ ಆವಿಯಾಗಿ ಹೋಗುತ್ತದೆ ಅಂದುಕೊಳ್ಳಿ. ಹೋಗೋದು ಬರೀ ನೀರು, ಅದರೊಳಗಿದ್ದದ್ದೆಲ್ಲ ಟ್ಯಾಂಕಲ್ಲೇ ಉಳಿಯುತ್ತದೆ. ಅದರ ಜಾಗಕ್ಕೆ ಇದೇ ನೀರು ಸುರಿದರೆ ದಿನಕ್ಕೆ 170 ಮಿಲಿಗ್ರಾಂ, ತಿಂಗಳಿಗೆ ಸುಮಾರು 5 ಗ್ರಾಂ ಸೇರುತ್ತದೆ. ಮೊದಲೇ 4 ಕೆಜಿ ಉಪ್ಪು ಕರಗಿರೋ ಕಡೆ 5 ಗ್ರಾಂ ಯಾವ ಲೆಕ್ಕ? ಅದು ಬರೀ ಸುಣ್ಣದ ಅಂಶ ಆಗಿದ್ದರೆ ಏನೂ ಆಗಲ್ಲ. ನೈಟ್ರೇಟ್, ಫಾಸ್ಫೇಟ್ ಆಗಿದ್ದರೆ ಪಾಚಿಗೆ ಹಬ್ಬ. ತಾಮ್ರ ಆಗಿದ್ದರೆ ನಿಮ್ಮ ಬಸವನಹುಳುವಿನ ಕಥೆ. ಟಿಡಿಎಸ್ ಮೀಟರ್ ತಲೆ ಎಣಿಸುತ್ತದೆ ಅಷ್ಟೇ, ಬಂದವರು ಯಾರು ಅಂತ ಹೇಳಲ್ಲ.

ಆ ಕಂದು ಧೂಳೂ ಒಂದು ಬಗೆಯ ಪಾಚಿಯೇ, ಅದಕ್ಕೆ ಬೇಕಾದ ಸಿಲಿಕಾ ಅಂತೂ ಆ ಮೀಟರಿಗೆ ಸರಿಯಾಗಿ ಕಾಣೋದೇ ಇಲ್ಲ. ನಮ್ಮ ಬೋರ್‌ವೆಲ್ ಅಂದ್ರೆ ಬಂಡೆ ಕೊರೆದು ತೆಗೆದ ನೀರು, ಸಿಲಿಕಾ ಇದ್ದೇ ಇರುತ್ತದೆ. ದಿನಾ ಸ್ವಲ್ಪ ಸ್ವಲ್ಪ ಬರ್ತಾ ಇದ್ದರೆ ಧೂಳು ತಾನಾಗೇ ಹೋಗೋದು ಹೇಗೆ?

ಈಗ ಒಂದು ಕೆಲಸ ಮಾಡಿ. ಪ್ಯೂರಿಫೈಯರ್ ಮುಚ್ಚಳ ತೆಗೆದು ನೋಡಿ. ಮೆಂಬ್ರೇನ್ (ಆರ್‌ಒ ಒಳಗಿನ ಸೋಸೋ ಪೊರೆ) ಸರಿ ಇದ್ದರೆ ಬಂದದ್ದರಲ್ಲಿ ನೂರಕ್ಕೆ 95ರಷ್ಟನ್ನು ಹಿಡಿಯುತ್ತದೆ. 700ರ ನೀರು 35ರ ಒಳಗೆ ಇಳಿಯಬೇಕು. ನಿಮಗೆ 85 ಬರ್ತಿದೆ ಅಂದ್ರೆ ಮೆಂಬ್ರೇನ್ ಸವೆದಿದೆ, ಇಲ್ಲಾ ರುಚಿಗೆ ಅಂತ ಬೇಕೆಂದೇ ಏನೋ ಬೆರೆಸುತ್ತಿದ್ದಾರೆ. ಟಿಡಿಎಸ್ ಕಂಟ್ರೋಲರ್ ಅಂತ ಒಂದು ಸಣ್ಣ ತಿರುಪು ಇರುತ್ತದೆ, ಅದು ಆರ್‌ಒ ಆಗದ ನೀರನ್ನೇ ಸ್ವಲ್ಪ ವಾಪಸ್ ಸೇರಿಸುತ್ತದೆ. ಕೆಲವದರಲ್ಲಿ ಮಿನರಲ್ ಕಾರ್ಟ್ರಿಜ್, ಈಚಿನವುಗಳಲ್ಲಿ ತಾಮ್ರದ್ದೂ ಇರುತ್ತದೆ. ಅಜ್ಜಿ ತಾಮ್ರದ ಚೊಂಬಲ್ಲಿ ನೀರು ಕೊಡ್ತಿದ್ದರು, ನಾವು ಗಟ್ಟಿಯಾಗೇ ಇದ್ದೇವೆ. ಸಿಗಡಿ, ಬಸವನಹುಳು, ಹವಳಕ್ಕೆ ಅದು ವಿಷ. ಬಿಳಿ ಚುಕ್ಕೆ ರೋಗ ಬಂದ ಮೀನಿಗೆ ತಾಮ್ರದ ಔಷಧಿ ಹಾಕೋದೇ ಲೀಟರಿಗೆ 0.2 ಮಿಲಿಗ್ರಾಂ ಆಸುಪಾಸು, ಅದಕ್ಕೇ ಅದನ್ನು ಯಾವತ್ತೂ ಬೇರೆ ತೊಟ್ಟಿಯಲ್ಲಿ ಕೊಡ್ತಾರೆ.

ನಾನೂ ಒಂದು ಸಲ ಪೆಟ್ಟು ತಿಂದಿದ್ದೇನೆ. ಜನವರಿ ಚಳಿಯಲ್ಲಿ ಉಪ್ಪು ಬೇಗ ಕರಗಲಿ ಅಂತ ಬಕೆಟ್ಟಿಗೆ ಅರ್ಧ ಗೀಸರ್ ನೀರು ಹಾಕಿದೆ. ಹಳೇ ಗೀಸರ್, ಒಳಗೆ ತಾಮ್ರದ ಟ್ಯಾಂಕ್. ಬೆಳಗ್ಗೆ ಎರಡು ಸಿಗಡಿ ಮಗುಚಿ ಬಿದ್ದಿದ್ದವು. ಅವತ್ತಿಂದ ಬಕೆಟ್ಟಲ್ಲಿ ಹೀಟರ್, ಪಂಪು ಬಿಟ್ಟು ಒಂದು ದಿನ ಕಾಯುತ್ತೇನೆ.

ಹಾಗಂತ ನಿಮ್ಮ ಮೂರೂ ತಾಮ್ರದಿಂದಲೇ ಸತ್ತವು ಅಂತ ಹೇಳ್ತಿಲ್ಲ. ಅಂಗಡಿ ನೀರಲ್ಲಿ ಉಪ್ಪು ಕಮ್ಮಿ ಇದ್ದು, ನೀವು ಒಂದೇ ಏಟಿಗೆ 35ಕ್ಕೆ ಬಿಟ್ಟಿದ್ದರೂ ಸಾಯುತ್ತವೆ. ಮೊದಲು ಮುಚ್ಚಳ ತೆಗೀರಿ.

ಮಲ್ಪೆಕಡೆಯವ:
ನಮ್ಮ ಕಡೆ ಈ ಗೋಳೇ ಇಲ್ಲ, ಬೋಟಿನವರಿಗೆ ಕ್ಯಾನ್ ಕೊಟ್ಟರೆ ದೂರದಿಂದ ತುಂಬಿಸಿ ತರುತ್ತಾರೆ. ದಡದ್ದು, ಅಳಿವೆಯ ಹತ್ತಿರದ್ದು ಮುಟ್ಟಲ್ಲ. ಮುಚ್ಚಿದ ಡ್ರಮ್ಮಲ್ಲಿ ಎರಡು ವಾರ ಕತ್ತಲಲ್ಲಿಟ್ಟು ಮೇಲಿನ ತಿಳಿ ಮಾತ್ರ ತೆಗೆದುಕೊಳ್ಳುತ್ತೇನೆ. ಆದರೆ ಮಳೆಗಾಲದಲ್ಲಿ ನದಿ ನೀರು ಸೇರಿ ಉಪ್ಪು ಇಳಿಯುತ್ತದೆ, ಜೂನ್ ಜುಲೈ ಮೀನುಗಾರಿಕೆಗೆ ರಜೆ, ಬೋಟ್ ಹೋಗಲ್ಲ. ಆಗ ನಾವೂ ಪ್ಯಾಕೆಟ್ ಉಪ್ಪೇ. ಬೆಂಗಳೂರಿಗೆ ಹೊತ್ತು ತರೋ ಸಾಹಸ ಬೇಡ ಮಾರಾಯ್ರೆ.

ಕಂದುಧೂಳು:
ಮುಚ್ಚಳ ತೆಗೆದೆ. ಒಳಗೆ ಬೆರಳುದ್ದದ ಕಾರ್ಟ್ರಿಜ್, ಮೇಲೆ ಚೊಂಬಿನ ಚಿತ್ರ! ಮೂರು ವರ್ಷ ಅದೇ ನೀರು ಕುಡಿದಿದ್ದೇನೆ, ಒಂದು ದಿನ ನೋಡಿಲ್ಲ. ತಾಮ್ರದ ಟೆಸ್ಟ್ ಕಿಟ್ ತರಿಸಿದೆ. ಬಣ್ಣ ತಿಳಿಯಾಗಿದೆ, ಆದರೆ ಸೊನ್ನೆಯ ಬಣ್ಣ ಅಲ್ಲ. ಮೆಂಬ್ರೇನ್ ಆದ ಕೂಡಲೇ ಪೈಪ್ ಬಿಚ್ಚಿ ಹಿಡಿದರೆ 24 ಬರ್ತಿದೆ, ನಲ್ಲಿಯದ್ದು ಇವತ್ತು 610. ನಾಲ್ಕನೇ ಹುಳು ಇನ್ನೂ ಗಾಜಿಗೆ ಅಂಟಿಕೊಂಡಿದೆ. ಮುಂದೆ?

ಹಳೇಟ್ಯಾಂಕ್:
ಹಾಗಾದರೆ ಮೆಂಬ್ರೇನ್ ಚೆನ್ನಾಗೇ ಇದೆ. ಅಲ್ಲೇ ಪೈಪಿಗೆ ಒಂದು ಟೀ (ಕವಲು ಜೋಡಣೆ) ಹಾಕಿಸಿ, ಆ ಕವಲನ್ನು ಡಿಐ ರೆಸಿನ್ (ನೀರಲ್ಲಿ ಉಳಿದ ಲವಣ ಹೀರೋ ಹರಳು) ಡಬ್ಬಿಗೆ ಕೊಡಿ. ಬಣ್ಣ ಬದಲಿಸೋ ರೆಸಿನ್ ತಗೊಳ್ಳಿ, ಯಾವಾಗ ಮುಗೀತು ಅಂತ ಕಣ್ಣಿಗೇ ಗೊತ್ತಾಗುತ್ತದೆ. ಆಚೆ ಬರೋ ನೀರು 0 ಇರಬೇಕು. ಆರ್‌ಒ ಆನ್ ಮಾಡಿದಾಗ ಮೊದಲ ಒಂದೆರಡು ಲೀಟರ್ ಟಿಡಿಎಸ್ ಜಾಸ್ತಿ ಇರುತ್ತದೆ, ಅದನ್ನು ರೆಸಿನ್‌ಗೆ ಬಿಡದೆ ಚೆಲ್ಲಿ, ಇಲ್ಲದಿದ್ದರೆ ರೆಸಿನ್ ಬೇಗ ಮುಗಿಯುತ್ತದೆ. ಚೆಲ್ಲಿ ಅಂದ್ರೆ ನೆಲ ಒರೆಸೋ ಬಕೆಟ್ಟಿಗೆ, 2024ರ ಬೇಸಿಗೆ ಮರೆತಿಲ್ಲ ತಾನೇ?

ಮೀನಿಲ್ಲ, ಹಾಗಾಗಿ ನೀರು ಪೂರ್ತಿ ಬದಲಿಸಿ. ಮರಳು, ಕಲ್ಲು ತಾಮ್ರ ಹೀರಿಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತವೆ. ಮರಳು ಎಸೆದು ಹೊಸದು ಹಾಕೋದು ವಾಸಿ, ಕಲ್ಲು ಇರಲಿ, ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ಅದರಲ್ಲೇ ಇದೆ. ತಾಮ್ರ ಹೀರೋ ರೆಸಿನ್ ಒಂದು ಚೀಲ ಫಿಲ್ಟರಲ್ಲಿ ಹಾಕಿ, ವಾರಕ್ಕೊಮ್ಮೆ ಕಿಟ್ಟಲ್ಲಿ ನೋಡಿ. ಆ ನಾಲ್ಕನೆಯದನ್ನು ಇವತ್ತೇ ಯಾರಾದರೂ ಸ್ನೇಹಿತರ ಟ್ಯಾಂಕಿಗೆ ಸಾಗಿಸಿ, ಹನಿ ಹನಿಯಾಗಿ ಅವರ ನೀರು ಬೆರೆಸಿ ಬಿಡಿ, ಅವಸರ ಮಾಡಬೇಡಿ.

ಕಂದುಧೂಳು:
ಸಂಜೆ ಡಬ್ಬದಲ್ಲಿ ಹಾಕಿಕೊಂಡು ಹೊರಟಿದ್ದೇನೆ ಅಣ್ಣ. ಕಾರ್ಟ್ರಿಜ್ ತೆಗೆಸ್ತೀನಿ ಅಂದಿದ್ದಕ್ಕೆ ಅಮ್ಮ ಒಪ್ಪಲಿಲ್ಲ, ಅದಕ್ಕೆ ಟೀ ಹಾಕಿಸೋದೇ ಸರಿ.