ದೇವರಾಯನದುರ್ಗ ಇಳಿವಾಗ ಸ್ಟೇರಿಂಗ್ ಕಲ್ಲಾಗ್ತಿದೆ, ಏನ್ ಮಾಡ್ಲಿ?

ತುಮಕೂರು ಹೈದ: ಗುರುಗಳೇ, ನಮ್ದು 7 ಸೀಟಿನ ಎಸ್‌ಯುವಿ. ದುರ್ಗದ ತಿರುವಲ್ಲಿ ಡ್ಯಾಶ್‌ನಲ್ಲಿ ಹಳದಿ ಸ್ಟೇರಿಂಗ್ ಲೈಟ್ ಬಂತು, ವೀಲ್ ತಿರುಗಿಸೋಕೆ ಎರಡೂ ಕೈ ಹಾಕಿ ಎಳೀಬೇಕಾಯ್ತು, ಹಿಂದೆ ಅಮ್ಮ ಬೇರೆ ಗೋವಿಂದ ಗೋವಿಂದ ಅಂತಿದ್ರು, ನಿಲ್ಸಿ ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಯ್ತು. ಸರ್ವಿಸ್‌ನೋರು ಪೂರ್ತಿ ಕಾಲಮ್ಮೇ (ಸ್ಟೇರಿಂಗ್ ವೀಲ್ ಕೂತಿರೋ ಕಂಬ) ಬದಲಾಯಿಸ್ಬೇಕಂತೆ. ಹೈವೇಲಿ ಎಡಕ್ಕೂ ಎಳೀತದೆ. ಎರಡೂ ಒಂದೇ ರೋಗನಾ?

ಸ್ಪ್ಯಾನರ್ ಸ್ವಾಮಿ: ಕಾಲಮ್‌ಗೆ ಈಗ್ಲೇ ದುಡ್ಡು ಸುರೀಬೇಡಿ. ಎಲೆಕ್ಟ್ರಿಕ್ ಸ್ಟೇರಿಂಗ್ ಮೋಟಾರು ಸ್ಲೋ ಸ್ಪೀಡಲ್ಲಿ ತಿರುಗಿಸುವಾಗ್ಲೇ ಜಾಸ್ತಿ ಕರೆಂಟ್ ಎಳೆಯೋದು, ಬ್ಯಾಟರಿ ವೀಕ್ ಇದ್ರೆ ಇಲ್ಲಾ ಅರ್ತ್ ವೈರ್ ಲೂಸಾಗಿದ್ರೆ ವೋಲ್ಟೇಜ್ ಬಿದ್ದು ಕಂಟ್ರೋಲರ್ರು ಅಸಿಸ್ಟ್ (ವೀಲ್ ತಿರುಗಿಸೋಕೆ ಮೋಟಾರು ಕೊಡೋ ಸಹಾಯ) ಕಟ್ ಮಾಡ್ಬಿಡತ್ತೆ. ಎಂಜಿನ್ ಓಡ್ತಿರುವಾಗ ಬ್ಯಾಟರೀಲಿ ಸುಮಾರು 13.5ರಿಂದ 14.5 ವೋಲ್ಟ್ ಇರ್ಬೇಕು. ಟರ್ಮಿನಲ್ ಮೇಲೆ ಹಸಿರು ಪುಡಿ ಕೂತಿದ್ಯಾ ನೋಡಿ. ಸ್ಕ್ಯಾನರ್ ಹಾಕಿಸಿ ಯಾವ ಫಾಲ್ಟ್ ಕೋಡ್ ಬಂದಿದೆ ಕೇಳಿ, ಟಾರ್ಕ್ ಸೆನ್ಸರ್ (ನೀವು ವೀಲ್‌ಗೆ ಎಷ್ಟು ಬಲ ಹಾಕ್ತೀರಿ ಅಂತ ಅಳೆಯೋದು) ಕೋಡೇ ಬೇರೆ, ಲೋ ವೋಲ್ಟೇಜ್ ಕೋಡೇ ಬೇರೆ.

ಶಿರಾ ಗೇಟ್: ಎಳೆಯೋದು ಬೇರೆ ಕೇಸು ಅನ್ಸತ್ತೆ. ಮೊದ್ಲು ಗಾಳಿ ನೋಡಿ, ಆಮೇಲೆ ಮುಂದಿನ ಎರಡು ಟೈರ್ ಅದಲು ಬದಲು ಮಾಡಿ. ಎಳೆತ ಬಲಕ್ಕೆ ಬಂದ್ರೆ ಟೈರ್ ತಪ್ಪು, ಇಲ್ದಿದ್ರೆ ವೀಲ್ ಅಲೈನ್‌ಮೆಂಟು, ಇಲ್ಲಾ ಲೋಯರ್ ಆರ್ಮ್ ಬುಷ್ಷು (ಚಕ್ರ ಹಿಡಿಯೋ ಕೆಳಗಿನ ತೋಳಿನ ರಬ್ಬರ್ರು) ನೋಡಿಸಿ. ನಮ್ಮ ಹಂಪ್‌ಗಳಿಗೆ ಬುಷ್ ಎಲ್ಲುಳೀತದೆ ಬಿಡಿ.

ಘಾಟಿ ಡ್ರೈವರ್: ಅಸಿಸ್ಟ್ ಹೋದ್ರೂ ವೀಲ್ ತಿರುಗೇ ತಿರುಗತ್ತೆ, ಭಾರ ಅಷ್ಟೆ. ಓಡ್ತಿರುವಾಗ ಮಾತ್ರ ಎಂಜಿನ್ ಆಫ್ ಮಾಡ್ಬೇಡಿ, ಬ್ರೇಕೂ ಗಟ್ಟಿಯಾಗತ್ತೆ.

ತುಮಕೂರು ಹೈದ: ಬ್ಯಾಟರಿ ಹಳೇದೇ ಇದೆ, ಮೊದ್ಲು ಅದೇ ನೋಡಿಸ್ತೀನಿ. ಕ್ಯಾತ್ಸಂದ್ರದ ಕಡೆ ಸ್ಕ್ಯಾನರ್ ಇಟ್ಟಿರೋ ಆಟೋ ಎಲೆಕ್ಟ್ರಿಷಿಯನ್ ಇದ್ದಾರಾ?