ಎಪ್ಪತ್ತರ ಹೊಸ್ತಿಲಲ್ಲಿ ಸಹಪಾಠಿಗಳನ್ನು ಹುಡುಕುವುದು ಹೇಗೆ?

ಪ್ರಶ್ನೆ (ಮೈಸೂರಿನಿಂದ)

ನಾವು 1978ರಲ್ಲಿ ಮಾನಸಗಂಗೋತ್ರಿಯಲ್ಲಿ ಎಂ.ಎ. ಮುಗಿಸಿದವರು. ಇತ್ತೀಚೆಗೆ ನಮ್ಮ ತರಗತಿಯ ಗೆಳೆಯರೊಬ್ಬರು ತೀರಿಕೊಂಡ ಸುದ್ದಿ ನಮಗೆ ತಲುಪಿದ್ದು ತಿಥಿಯೂ ಕಳೆದ ಮೇಲೆ. ಅವರ ಮಕ್ಕಳ ಬಳಿ ನಮ್ಮಲ್ಲಿ ಯಾರೊಬ್ಬರ ನಂಬರೂ ಇರಲಿಲ್ಲ. ಆ ನೋವು ಇನ್ನೂ ಹೋಗಿಲ್ಲ. 2028ಕ್ಕೆ ಐವತ್ತು ವರ್ಷ ತುಂಬುವಾಗ ಎಲ್ಲರನ್ನೂ ಒಮ್ಮೆ ಸೇರಿಸಬೇಕೆಂಬ ಆಸೆಯಿದೆ. ಆದರೆ ಕೈಯಲ್ಲಿರುವುದು ಒಂದು ಗ್ರೂಪ್ ಫೋಟೋ ಮಾತ್ರ; ಅದರ ರಟ್ಟಿನ ಮೇಲೆ ಅಚ್ಚಾಗಿದ್ದ ಹೆಸರುಗಳಲ್ಲಿ ಕೊನೆಯ ಸಾಲನ್ನು ಗೆದ್ದಲು ತಿಂದಿದೆ. ವಾಟ್ಸಾಪ್ ಬಳಸದವರನ್ನು ಹುಡುಕುವುದು ಹೇಗೆ, ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1 (ಮಂಡ್ಯದಿಂದ)

ಸರ್, ನಮ್ಮ ಅನುಭವದಲ್ಲಿ ಹೆಣ್ಣುಮಕ್ಕಳನ್ನು ಹುಡುಕುವುದೇ ಹೆಚ್ಚು ಕಷ್ಟ, ಏಕೆಂದರೆ ಮದುವೆಯ ನಂತರ ಅನೇಕರ ಇನಿಷಿಯಲ್ ಬದಲಾಗಿರುತ್ತದೆ. ಹಳೆಯ ಇನಿಷಿಯಲ್‌ನ ಮೊದಲ ಅಕ್ಷರ ನಮ್ಮ ಕಡೆ ಸಾಮಾನ್ಯವಾಗಿ ಊರಿನದು. ಆ ಊರು ಯಾವುದೆಂದು ಗೊತ್ತಾದರೆ ಅಲ್ಲಿನ ಹಾಲಿನ ಡೈರಿಯ ಹತ್ತಿರ ಬೆಳಿಗ್ಗೆ ನಿಂತು ವಿಚಾರಿಸಿ, ಇಂಥವರ ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆಂದು ಹೇಳುವ ಹಿರಿಯರು ಸಿಕ್ಕೇ ಸಿಗುತ್ತಾರೆ. ನಾಗಮಂಗಲದ ಕಡೆಯ ನಮ್ಮ ಸಹಪಾಠಿಯೊಬ್ಬರು ಸಿಕ್ಕಿದ್ದು ಹೀಗೆಯೇ. ಸರ್ಕಾರಿ ನೌಕರಿಯಲ್ಲಿದ್ದವರಾದರೆ ನಿವೃತ್ತ ನೌಕರರ ಸಂಘದಲ್ಲಿ ಕೇಳಿ. ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಬಂದಾಗ ಎಷ್ಟೋ ಹಳೆಯ ಮುಖಗಳು ಎದುರಾಗುತ್ತವೆ.

ಉತ್ತರ 2 (ಮೈಸೂರು, ಕುವೆಂಪುನಗರದಿಂದ)

ದಯವಿಟ್ಟು 2028ರವರೆಗೆ ಕಾಯಬೇಡಿ. ಐವತ್ತು ತುಂಬಲೆಂದು ಕಾದ ನಮ್ಮ ತಂಡದಲ್ಲಿ ಅಷ್ಟರೊಳಗೆ ಇಬ್ಬರು ಹೋಗಿಬಿಟ್ಟರು, ಒಬ್ಬರು ಹಾಸಿಗೆ ಹಿಡಿದರು. ಸಿಕ್ಕಷ್ಟು ಜನ ಈ ವರ್ಷವೇ ಸೇರಿ. ಬಂದವರೇ ಉಳಿದವರ ಸುಳಿವು ಕೊಡುತ್ತಾರೆ. ದಸರೆಯ ದಿನಗಳಲ್ಲಿ ರೂಮು ಸಿಗುವುದಿಲ್ಲ, ಜನಸಂದಣಿಯಲ್ಲಿ ನಡೆದಾಡುವುದೂ ಕಷ್ಟ, ಹಾಗಾಗಿ ಫೆಬ್ರವರಿ ಒಳ್ಳೆಯದು. ಮೆಟ್ಟಿಲು ಹತ್ತಬೇಕಾದ ಸಭಾಂಗಣ ಬೇಡವೇ ಬೇಡ. ಸನ್ಮಾನ, ಭಾಷಣಗಳನ್ನು ಬಿಟ್ಟು, ಅಗಲಿದವರ ಹೆಸರುಗಳನ್ನು ಓದಿ, ಊಟ ಮಾಡಿ, ಮನಸಾರೆ ಮಾತಾಡಿ. ಶಕ್ತಿಯಿದ್ದವರು ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಗೆ ಹೋಗಬಹುದು. ಮುಖ್ಯವಾಗಿ, ಪ್ರತಿಯೊಬ್ಬರ ನಂಬರಿನ ಜೊತೆಗೆ ಮಗನದೋ ಮಗಳದೋ ಸೊಸೆಯದೋ ನಂಬರನ್ನೂ ಬರೆದುಕೊಳ್ಳಿ, ನಿಮ್ಮಲ್ಲಿ ಇಬ್ಬರ ನಂಬರನ್ನು ಅವರಿಗೂ ಕೊಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಫೆಬ್ರವರಿಯ ಎರಡನೇ ಭಾನುವಾರ ಎಂದು ಈಗಿರುವ ಗೆಳೆಯರಿಗೆ ಇಂದೇ ತಿಳಿಸುತ್ತೇನೆ. ತೀರಿಕೊಂಡ ಗೆಳೆಯರ ಮನೆಯವರನ್ನೂ ಕರೆಯುತ್ತೇವೆ.